ಓದುಗರ ಪ್ರಶ್ನೆ: ಗಾಲ್ಫ್ ಸ್ವಿಂಗ್‌ನಲ್ಲಿ ದೇಹ ತಿರುಗಬೇಕಾದದ್ದು ಎಲ್ಲಿಂದ?

ಪ್ರಶ್ನೆ: ನನಗೆ 58 ವರ್ಷ. ಬ್ಯಾಂಕಿನ ಕೆಲಸದಿಂದ ಸ್ವಯಂನಿವೃತ್ತಿ ಪಡೆದು ಕಾರವಾರದಲ್ಲಿ ನೆಲೆಸಿದ್ದೇನೆ. ಬೆಂಗಳೂರಿನ ಮಗಳ ಮನೆಗೆ ಹೋದಾಗ ಗಾಲ್ಫ್ ಆಡುತ್ತೇನೆ. ಊರಿನಲ್ಲಿ ಕಡಲತೀರದ ಮರಳಿನ ಮೇಲೆ ಚೆಂಡಿಲ್ಲದೆ ಸ್ವಿಂಗ್ ಅಭ್ಯಾಸ ಮಾಡುತ್ತೇನೆ. ನಾನು ಬಲಗೈ ಆಟಗಾರ. ಹೊಡೆದ ಚೆಂಡು ಬಲಕ್ಕೆ ಬಾಗಿ ಹೋಗುತ್ತದೆ, ದೂರವೂ ಸಾಲದು, ಆಟ ಮುಗಿಯುವ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತದೆ. ದೇಹವನ್ನು ಇನ್ನಷ್ಟು ತಿರುಗಿಸಬೇಕೆಂದು ಜೊತೆಯವರು ಹೇಳುತ್ತಾರೆ. ಅದು ಸರಿಯೇ?
– ಓದುಗರೊಬ್ಬರು, ಕಾರವಾರ

ಉತ್ತರ: ಅವರ ಸಲಹೆ ಅರ್ಧದಷ್ಟು ಮಾತ್ರ ಸರಿ. ಸೊಂಟದ ಐದು ಕಶೇರುಗಳ (ಬೆನ್ನುಮೂಳೆಯ ಮಣಿಗಳ) ಕೀಲುಗಳು ಮುಂದಕ್ಕೂ ಹಿಂದಕ್ಕೂ ಬಾಗಲು ಹೊಂದಿಕೊಂಡಿವೆಯೇ ಹೊರತು ತಿರುಚಿಕೊಳ್ಳಲು ಅಲ್ಲ. ಐದೂ ಸೇರಿ ಒಂದು ಬದಿಗೆ 10ರಿಂದ 15 ಡಿಗ್ರಿ ತಿರುಗಿದರೆ ಹೆಚ್ಚು. ಆದರೆ ಪೂರ್ಣ ಬ್ಯಾಕ್‌ಸ್ವಿಂಗ್‌ನಲ್ಲಿ, ಅಂದರೆ ಹೊಡೆಯುವ ಕೋಲಾದ ಕ್ಲಬ್ಬನ್ನು ಹಿಂದಕ್ಕೆ ಎತ್ತುವಾಗ, ನಿತಂಬಗಳು ಸುಮಾರು 45 ಡಿಗ್ರಿ, ಭುಜಗಳು ಸುಮಾರು 90 ಡಿಗ್ರಿ ತಿರುಗುತ್ತವೆ. ಈ ತಿರುವಿನ ಬಹುಪಾಲು ತೊಡೆಯ ಬುಡದ ಕೀಲುಗಳಿಂದಲೂ ಎದೆಗೂಡಿನ ಹಿಂದಿರುವ ಹನ್ನೆರಡು ಕಶೇರುಗಳಿಂದಲೂ ಬರಬೇಕು. ಅವು ಬಿಗಿದುಕೊಂಡಿದ್ದರೆ ಆ ಹೊರೆ ಸೊಂಟದ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಮೇಜಿನ ಮುಂದೆ ಕುಳಿತು ದುಡಿದವರಲ್ಲಿ ಇದು ಸಾಮಾನ್ಯ.

ತಿರುವು ನಿಲುವಿನಿಂದಲೇ ಹುಟ್ಟುತ್ತದೆ ಎಂಬುದನ್ನು ನೀವೇ ಪರೀಕ್ಷಿಸಬಹುದು. ಕುರ್ಚಿಯ ಮೇಲೆ ಬೆನ್ನು ಗೂನಾಗಿಸಿ ಕುಳಿತು, ಎದೆಯ ಮೇಲೆ ಕೈಕಟ್ಟಿ ಬಲಕ್ಕೆ ತಿರುಗಿ ನೋಡಿ. ಅನಂತರ ಬೆನ್ನು ನೇರವಾಗಿಸಿ ಮತ್ತೆ ತಿರುಗಿ. ಎರಡನೆಯ ಸಲ ಎಷ್ಟು ಸಲೀಸಾಗಿ ಮುಂದೆ ಹೋಗುತ್ತೀರೆಂಬುದು ಆ ಕ್ಷಣದಲ್ಲೇ ತಿಳಿಯುತ್ತದೆ. ಚೆಂಡಿನ ಮುಂದೆ ನಿಲ್ಲುವಾಗಲೂ ಸೊಂಟದಿಂದ ಬಗ್ಗದೆ, ತೊಡೆಸಂದಿಯಲ್ಲಿ ಮಡಿಚಿ, ನಿತಂಬವನ್ನು ಹಿಂದಕ್ಕೆ ತಳ್ಳಿ ಬಾಗಬೇಕು. ಬೆನ್ನು ನೇರವಾಗಿರಲಿ, ಮೊಣಕಾಲು ತುಸುವೇ ಸಡಿಲವಾಗಿರಲಿ, ಭಾರ ಪಾದದ ನಡುವೆ ಬೀಳಲಿ, ತೋಳುಗಳು ಭುಜದ ಕೆಳಗೆ ತಾವಾಗಿಯೇ ತೂಗಲಿ.

ಇನ್ನು ಅಭ್ಯಾಸದ ಮಾತು. ಗೋಡೆಗೆ ಬೆನ್ನು ಮಾಡಿ, ನಿತಂಬ ತಾಗುವಂತೆ ಬಾಗಿ ನಿಂತು, ಕ್ಲಬ್ ಇಲ್ಲದೆ ನಿಧಾನವಾಗಿ ತಿರುಗಿ. ಹಿಂದಕ್ಕೆ ತಿರುಗುವಾಗ ಬಲ ನಿತಂಬ, ಮುಂದಕ್ಕೆ ಬರುವಾಗ ಎಡ ನಿತಂಬ ಗೋಡೆಯನ್ನು ಒತ್ತಬೇಕು. ಎರಡೂ ಗೋಡೆ ಬಿಟ್ಟರೆ ನೀವು ತಿರುಗುವ ಬದಲು ಮೇಲೇಳುತ್ತಿದ್ದೀರಿ ಎಂದರ್ಥ. ಮಳೆಗಾಲದ ನಾಲ್ಕು ತಿಂಗಳೂ ಇದನ್ನು ಜಗಲಿಯಲ್ಲೇ ಮಾಡಬಹುದು. ಸಡಿಲ ಮರಳಿನ ಮೇಲಿನ ಅಭ್ಯಾಸವನ್ನು ದಯವಿಟ್ಟು ಬಿಡಿ: ಪಾದ ಜಾರುವಲ್ಲಿ ತೊಡೆಯ ಕೀಲಿಗೆ ಆಧಾರ ಸಿಗುವುದಿಲ್ಲ, ತೀರದಲ್ಲಿ ಓಡಾಡುವವರಿಗೂ ಕ್ಲಬ್ಬಿನಿಂದ ಅಪಾಯ.

ಚೆಂಡು ಬಲಕ್ಕೆ ಬಾಗುವುದಕ್ಕೂ ಇದೇ ಕಾರಣವಿರಬಹುದು. ಕೆಳಗಿನ ದೇಹ ತಿರುಗದೆ ನಿಂತಾಗ ಭುಜ ಮತ್ತು ತೋಳುಗಳು ಮುನ್ನುಗ್ಗಿ, ಕ್ಲಬ್ ಚೆಂಡಿನ ಆಚೆ ಬದಿಯಿಂದ ನಿಮ್ಮ ಕಡೆಗೆ, ಹೊರಗಿನಿಂದ ಒಳಕ್ಕೆ ಸೀಳುತ್ತದೆ. ಆಗ ಚೆಂಡಿಗೆ ತಾಗುವ ಅದರ ಮುಖವೂ ಆ ದಾರಿಗಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ; ಇದನ್ನೇ ಸ್ಲೈಸ್ ಎನ್ನುವುದು. ಕಾಳಿ ನದಿಯ ಅಳಿವೆಯಲ್ಲಿ ಬೀಸುಬಲೆ ಎಸೆಯುವವರನ್ನು ಗಮನಿಸಿ: ಮೊದಲು ಕಾಲು ಮತ್ತು ನಿತಂಬ ತಿರುಗುತ್ತವೆ, ಆಮೇಲೆ ಎದೆ, ಕೊನೆಗೆ ಕೈ. ಕ್ಲಬ್ಬನ್ನು ಚೆಂಡಿನತ್ತ ಕೆಳಕ್ಕೆ ಬೀಸುವ ಡೌನ್‌ಸ್ವಿಂಗ್‌ನ ಕ್ರಮವೂ ಅದೇ.

ನಿಮ್ಮ ವಯಸ್ಸಿನಲ್ಲಿ ಎರಡು ರಿಯಾಯಿತಿ ತೆಗೆದುಕೊಳ್ಳಲು ಸಂಕೋಚ ಬೇಡ. ಎರಡೂ ಪಾದಗಳ ತುದಿಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ನಿಲ್ಲಿ. ಬ್ಯಾಕ್‌ಸ್ವಿಂಗ್‌ನಲ್ಲಿ ಎಡ ಹಿಮ್ಮಡಿ ಏಳುವುದಾದರೆ ಏಳಲಿ. 1986ರಲ್ಲಿ, ತಮ್ಮ 46ನೆಯ ವಯಸ್ಸಿನಲ್ಲಿ ಮಾಸ್ಟರ್ಸ್ ಗಾಲ್ಫ್ ಟೂರ್ನಿ ಗೆದ್ದ ಅಮೆರಿಕದ ಜಾಕ್ ನಿಕ್ಲಾಸ್ ಅವರ ಹಿಮ್ಮಡಿಯೂ ಏಳುತ್ತಿತ್ತು. ದೂರದ ಚಿಂತೆಯನ್ನಂತೂ ಸದ್ಯಕ್ಕೆ ಬದಿಗಿಡಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರ ಡ್ರೈವ್‌ಗಳು (ಆರಂಭದ ದೂರದ ಹೊಡೆತಗಳು) ಎದುರಾಳಿಗಳ ಡ್ರೈವ್‌ಗಳಷ್ಟು ದೂರ ಹೋಗುತ್ತಿರಲಿಲ್ಲ.

ನೋವು ಕಾಲಿಗೆ ಇಳಿಯುತ್ತಿದ್ದರೆ ಅಥವಾ ಪಾದ ಜೋಮು ಹಿಡಿಯುತ್ತಿದ್ದರೆ, ಈ ಯಾವ ಅಭ್ಯಾಸವನ್ನೂ ಆರಂಭಿಸದೆ ಮೊದಲು ಮೂಳೆತಜ್ಞರನ್ನು ಕಾಣಿರಿ. ಹಾಗಿಲ್ಲವಾದರೆ ಮುಂದಿನ ಬಾರಿ ಬೆಂಗಳೂರಿನಲ್ಲಿ ದೂರ ಹೊಡೆಯುವ ಉದ್ದ ಕ್ಲಬ್ಬಾದ ಡ್ರೈವರ್ ಮುಟ್ಟದೆ, ಗಿಡ್ಡ ಐರನ್‌ನಿಂದ (ಹತ್ತಿರದ ಹೊಡೆತದ ಕ್ಲಬ್ಬಿನಿಂದ) ಅರ್ಧ ಸ್ವಿಂಗ್ ಮಾಡುತ್ತ ಆರಂಭಿಸಿ.