ನಿಂತ ಟಾಟಾ ಮೊಬೈಲ್‌ಗೆ ಸೆಲ್ಫ್ ಹೊಡೆಯುವ ಮುಂಚೆ

ಓದುಗರ ಪ್ರಶ್ನೆ, ಗ್ಯಾರೇಜಿನಿಂದ ಉತ್ತರ

ಪ್ರಶ್ನೆ: ನಮಸ್ಕಾರ ರೀ ಸರ್. ನಾವು ಆಳಂದ ತಾಲ್ಲೂಕಿನವರು. ಅಪ್ಪಾಜಿ 1992ರಲ್ಲಿ ತಗೊಂಡ ಟಾಟಾ ಮೊಬೈಲ್ ಪಿಕಪ್ ಹನ್ನೊಂದು ವರ್ಷದಿಂದ ಹೊಲದ ಶೆಡ್‌ನಲ್ಲಿ ನಿಂತಿದೆ. ತೊಗರಿ ಚೀಲ ಹೇರಿಕೊಂಡು ಕಲಬುರಗಿಯ ಗಂಜ್ ಮಾರುಕಟ್ಟೆಗೆ ಹೋಗುತ್ತಿದ್ದ ಗಾಡಿ. ಆಗ ನಮ್ಮ ಊರಲ್ಲಿ ಅದರಷ್ಟು ಜೋರಾಗಿ ಓಡುವ ಲೋಡ್ ಗಾಡಿ ಬೇರೆ ಇರಲಿಲ್ಲ. ಈಗ ಅದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕು ಅಂತ ಆಸೆ. ಇಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಕೂಡಿಸಿದರೆ ಇನ್ನೂ ಜಾಸ್ತಿ ಪಿಕಪ್ ಬರುತ್ತೆ ಅಂತಾರೆ, ನಿಜಾನಾ? ಪರಿಚಯದ ಮಿಸ್ತ್ರಿ ಒಬ್ಬರು "ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯೋಣ, ಚಾಲೂ ಆದ್ರೆ ಅರ್ಧ ಕೆಲಸ ಮುಗೀತು" ಅಂತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ದಯವಿಟ್ಟು ಸೆಲ್ಫ್ ಹೊಡೆಯಬೇಡಿ. ಬ್ಯಾಟರಿ ತಂದಾಗಿದ್ದರೆ ಪಕ್ಕಕ್ಕಿಡಿ, ಅದರ ಕೆಲಸ ಇನ್ನೂ ಬಹಳ ದೂರ ಇದೆ.

ಯಾಕೆ ಅಂತ ಹೇಳುತ್ತೇನೆ. ಈ ಇಂಜಿನ್‌ನಲ್ಲಿ ವಾಲ್ವ್ ನಡೆಸುವುದು ರಬ್ಬರಿನ ಟೈಮಿಂಗ್ ಬೆಲ್ಟ್. ಹನ್ನೊಂದು ವರ್ಷ ಒಂದೇ ಮಗ್ಗುಲಲ್ಲಿ ಬಾಗಿ ಕೂತ ರಬ್ಬರು ಒಣಗಿ ಬಿರುಕು ಬಿಟ್ಟಿರುತ್ತದೆ. ಸೆಲ್ಫ್ ಹೊಡೆದಾಗ ಹಲ್ಲು ಕಿತ್ತರೆ ಅಥವಾ ಬೆಲ್ಟ್ ತುಂಡಾದರೆ ಪಿಸ್ಟನ್ ಮೇಲೆ ಬಂದು ವಾಲ್ವ್‌ಗೆ ಬಡಿಯುತ್ತದೆ. ನಾನು ಕೆಲಸ ಕಲಿಯುವಾಗ ಇದೇ ಇಂಜಿನ್ ಇದ್ದ ಒಂದು ಗಾಡಿಗೆ ಹೀಗೆ ಅವಸರ ಮಾಡಿದ್ದೆವು. ಇಂಜಿನ್ ಎರಡು ಸೆಕೆಂಡ್ ತಿರುಗಿತು, ಒಳಗೆ 'ಟಕ್' ಅಂತ ಒಂದೇ ಒಂದು ಸದ್ದು. ಹೆಡ್ ಬಿಚ್ಚಿದಾಗ ವಾಲ್ವ್ ಬಾಗಿದ್ದವು. ನಾಲ್ಕೂ ಪಿಸ್ಟನ್ ತಲೆಯ ಮೇಲೆ ಉಗುರಿನಾಕಾರದ ಗುರುತು ಬಿದ್ದಿತ್ತು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿಮ್ಮ ಗಾಡಿ ಬಗ್ಗೆ ನಾಲ್ಕು ಮಾತು. ಟಾಟಾ ಮೊಬೈಲ್ ಬಂದಿದ್ದು 1988ರಲ್ಲಿ, ಪುಣೆ ಕಾರ್ಖಾನೆಯಿಂದ. ಮುಂದಿನ ಚಕ್ರಗಳಿಗೆ ಪಾಟಾ (ಪಟ್ಟಿ ಸ್ಪ್ರಿಂಗ್) ಇಲ್ಲ, ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಸರಳು. ಐದು ಗೇರು. ಜೀಪು ಬಿಟ್ಟು ಇದಕ್ಕೆ ಹತ್ತಿದವರಿಗೆ ಕಾರಲ್ಲಿ ಕೂತ ಹಾಗೆ ಅನಿಸುತ್ತಿತ್ತು. 1991ರ ಸಿಯೆರಾ ಕಾರು ಹುಟ್ಟಿದ್ದೇ ಇದರ ಮೈಕಟ್ಟಿನ ಮೇಲೆ. ಇಂಜಿನ್ ಹೆಸರು 483. 4 ಅಂದರೆ ನಾಲ್ಕು ಸಿಲಿಂಡರ್, 83 ಅಂದರೆ ಬೋರ್, ಸಿಲಿಂಡರಿನ ಒಳ ಅಗಲ, 83 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 90. ಲೆಕ್ಕ ಹಾಕಿದರೆ 1948 ಸಿಸಿ. ಇದೇ ಇಂಜಿನ್ 1994ರಲ್ಲಿ ಸುಮೊಗೂ ಬಂತು. ಇದು ನಿಮಗೆ ದೊಡ್ಡ ಅನುಕೂಲ. ಅಂಗಡಿಯಲ್ಲಿ "ಟಾಟಾ ಮೊಬೈಲ್ ಸಾಮಾನು ಇದೆಯಾ?" ಅಂದರೆ ಇಲ್ಲ ಅಂತಾರೆ. "ಹಳೆ ಸುಮೊ, ಎರಡು ಲೀಟರ್" ಅನ್ನಿ, ಬೆಲ್ಟ್, ರಿಂಗ್ ಸೆಟ್, ಹೆಡ್ ಪ್ಯಾಕಿಂಗ್ (ಗ್ಯಾಸ್ಕೆಟ್) ಹೊರಗೆ ಬರುತ್ತವೆ. ಕಲಬುರಗಿಯಲ್ಲಿ ಸಿಗದಿದ್ದರೆ ಸೋಲಾಪುರ, ಹೈದರಾಬಾದ್ ಎರಡೂ ಹತ್ತಿರ. ಹಳೆಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಮೊದಲ ಕೆಲಸ ಚಾಸಿದು, ಇಂಜಿನ್ನಿನದಲ್ಲ. ನಮ್ಮದು ಎರೆ ಭೂಮಿ. ಆ ಮಣ್ಣು ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಡಾಲಾದ (ಹಿಂದಿನ ಲೋಡ್ ತೊಟ್ಟಿಯ) ಕೆಳಗೆ, ಪಾಟಾ ಕೂರುವ ಬ್ರಾಕೆಟ್ ಸುತ್ತ, ಚಾಸಿಯ ಒಳಮಡಿಕೆಯಲ್ಲಿ ಮುದ್ದೆಯಾಗಿ ಕೂತಿರುತ್ತದೆ. ಪ್ರತಿ ಮಳೆಗಾಲದಲ್ಲೂ ನೀರು ಕುಡಿದು ಹಿಡಿದಿಡುತ್ತದೆ. ಮೇಲೆ ನೋಡಿದರೆ ಗಾಡಿ ಚೆನ್ನಾಗಿದೆ, ಕೆಳಗೆ ಜಂಗು ತಿಂದಿದೆ. ಡಾಲಾ ಇಳಿಸಿ, ಮಣ್ಣು ಪೂರ್ತಿ ಕೆರೆದು ತೊಳೆದು, ಒಣಗಿದ ಮೇಲೆ ಸಣ್ಣ ಸುತ್ತಿಗೆಯಿಂದ ಗೇಣಿಗೊಂದು ಸಲ ತಟ್ಟುತ್ತಾ ಹೋಗಿ. ಗಟ್ಟಿ ಲೋಹ 'ಠಣ್' ಅನ್ನುತ್ತದೆ. ತಿಂದು ತೆಳ್ಳಗಾದ ಕಡೆ 'ಡಬ್' ಅನ್ನುತ್ತದೆ. ಅಲ್ಲಿ ಸ್ಕ್ರೂ ಡ್ರೈವರ್ ಒತ್ತಿದರೆ ಒಳಗೆ ಹೋಗಿಬಿಡುತ್ತದೆ. ಅಂಥ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ.

ಗುರುತು ಒಂದೆರಡು ಕಡೆ ಇದ್ದರೆ ರಿಪೇರಿ ಆಗುತ್ತದೆ. ಕೊಳೆತದ್ದನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಚಾಸಿಯಷ್ಟೇ ದಪ್ಪದ ತಗಡು ಕೂಡಿಸಬೇಕು. ಪಟ್ಟಿಯ ತುದಿಗಳು ಚೂಪಾಗಿರಲಿ, ಗಾಳಿಪಟದ ಮೂಲೆಯ ಹಾಗೆ. ಚಾಸಿಗೆ ಅಡ್ಡಲಾಗಿ ನೇರ ಬೆಸುಗೆ ಗೆರೆ ಬಿದ್ದರೆ ಲೋಡ್ ಬಿದ್ದಾಗ ಅದೇ ಗೆರೆಯಲ್ಲಿ ಸೀಳುತ್ತದೆ. ವೆಲ್ಡಿಂಗ್‌ಗೆ ಮುಂಚೆ ಆಲ್ಟರ್ನೇಟರ್ ವೈರು ಬಿಚ್ಚಿಸಿ. ಎರಡೂ ಬದಿಯ ಚಾಸಿ ಉದ್ದಕ್ಕೂ 'ಡಬ್' ಅಂದರೆ ಮಾತ್ರ ಮನಸ್ಸು ಗಟ್ಟಿ ಮಾಡಿ ಅಲ್ಲಿಗೇ ನಿಲ್ಲಿಸಿ. ಅಂಥ ಚಾಸಿ ಮೇಲೆ ಚೀಲ ಹೇರಿ ಹೆದ್ದಾರಿಗೆ ಬಿಡುವುದು ಸರಿಯಲ್ಲ.

ಇನ್ನೊಂದು ಮಾತು ಮರೆಯಬೇಡಿ. ಚಾಸಿ ನಂಬರ್, ಇಂಜಿನ್ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ಮುಟ್ಟಿಸಬೇಡಿ. ಕೈಯಿಂದ, ತಂತಿ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ. ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದುಕೊಳ್ಳಿ, ಫೋಟೊ ಹೊಡೆಯಿರಿ. ಆಮೇಲೆ ಪೇಂಟ್. ಆರ್‌ಟಿಒ ಇನ್‌ಸ್ಪೆಕ್ಟರ್ ಮೊದಲು ನೋಡುವುದೇ ಅದನ್ನು.

ಈಗ ಇಂಜಿನ್. ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ, ಹೆಡ್ ಬಿಚ್ಚಲೇಬೇಕು. ಕಪ್ಪಗಿದ್ದರೆ ಮುಂದೆ ಹೋಗೋಣ. ಸಿಲಿಂಡರ್ ಬಿಸಿ ಮಾಡುವ ನಾಲ್ಕೂ ಹೀಟರ್ ಪ್ಲಗ್ ಬಿಚ್ಚಬೇಕು. ಅವು ಜಾಮ್ ಆಗಿರುತ್ತವೆ, ಜೋರು ಮಾಡಿದರೆ ಅರ್ಧಕ್ಕೆ ಮುರಿಯುತ್ತವೆ. ಹಿಂದಿನ ರಾತ್ರಿಯೇ ಜಂಗು ಬಿಡಿಸುವ ಆಯಿಲ್ ಬಿಟ್ಟು, ಬೆಳಿಗ್ಗೆ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸುತ್ತಾ ತೆಗೆಯಿರಿ. ಪ್ರತಿ ತೂತಿಗೂ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಎರಡು ದಿನ ಸುಮ್ನೆ ಬಿಡಿ. ರಿಂಗುಗಳು ಬೋರ್‌ಗೆ ಅಂಟಿಕೊಂಡಿದ್ದರೆ ಅಷ್ಟರಲ್ಲಿ ಸಡಿಲ ಆಗುತ್ತವೆ. ಮೂರನೇ ದಿನ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಕೈಯಿಂದ ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ. ಪೈಪು ಸಿಗಿಸಿ ಜಗ್ಗಬೇಡಿ. ಎರಡು ಸುತ್ತು ಸಲೀಸಾಗಿ ಬಂದರೆ ಖುಷಿ ಪಡಿ, ನಿಮ್ಮಪ್ಪಾಜಿಯ ಇಂಜಿನ್ ಜೀವಂತ ಇದೆ.

ಆಮೇಲೆ ಹೊಸ ಟೈಮಿಂಗ್ ಬೆಲ್ಟ್, ಜೊತೆಗೆ ಅದರ ಟೆನ್ಷನರ್. ಹಳೆ ಡೀಸೆಲ್ ಒಂದು ಹನಿಯೂ ಬೇಡ. ಟ್ಯಾಂಕ್ ಇಳಿಸಿ ನೋಡಿ, ತಳದಲ್ಲಿ ಕರಿ ಅಂಟು ಕೂತಿರುತ್ತದೆ. ಅದು ಪಂಪ್‌ಗೆ ಹೋದರೆ ಪಂಪ್ ಹಾಳು. ಪಂಪ್ ಮತ್ತು ಡೀಸೆಲ್ ಸಿಂಪಡಿಸುವ ನಾಝಲ್ ಎರಡನ್ನೂ ಡೀಸೆಲ್ ಪಂಪ್ ಅಂಗಡಿಗೆ ಕೊಟ್ಟು ಸೀಲು ಬದಲಿಸಿ, ಯಂತ್ರದ ಮೇಲೆ ಕ್ಯಾಲಿಬ್ರೇಷನ್ ಮಾಡಿಸಿ. ಇಷ್ಟಾದ ಮೇಲೆ ಹೀಟರ್ ಪ್ಲಗ್ ಹಾಕದೆಯೇ ಸೆಲ್ಫ್ ತಿರುಗಿಸಿ, ಸಿಲಿಂಡರಿನಲ್ಲಿ ಉಳಿದ ಆಯಿಲ್ ಹೊರಗೆ ಹಾರಲಿ. ನಂತರ ಸಿಲಿಂಡರಿನ ಒಳ ಒತ್ತಡ ಅಳೆಯುವ ಕಂಪ್ರೆಷನ್ ಮೀಟರ್ ಇಡಿ. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ಇದ್ದರೆ ಇಂಜಿನ್ ಬಿಚ್ಚುವ ಅಗತ್ಯವೇ ಇಲ್ಲ. ಒಂದು ಮಾತ್ರ ಉಳಿದವಕ್ಕಿಂತ ಶೇಕಡಾ 15ಕ್ಕೂ ಹೆಚ್ಚು ಕೆಳಗೆ ಬಿದ್ದಿದ್ದರೆ ಹೆಡ್ ಎತ್ತಿ. "ಹೇಗೂ ಬಿಚ್ಚಿದ್ದೀವಿ, ಬೋರ್ ಮಾಡಿಸಿಬಿಡಿ" ಅನ್ನುವವರ ಮಾತು ಕೇಳಬೇಡಿ. ಬೋರ್ ಮಾಡಿಸುವುದು ಅಂದರೆ ಸಿಲಿಂಡರ್ ಕೊರೆದು ಅಗಲ ಮಾಡುವುದು. ಮೂಲ ಬೋರ್ 83ರಲ್ಲೇ ಇರುವ ಬ್ಲಾಕ್ ಅಂದರೆ ಮುಂದಿನ ಎರಡು ರಿಪೇರಿಗೆ ಕೂಡಿಟ್ಟ ಲೋಹ.

ರೇಡಿಯೇಟರ್ ಬಗ್ಗೆ ನಮ್ಮ ಜಿಲ್ಲೆಯವರು ಬೇರೆಯವರಿಗಿಂತ ಹೆಚ್ಚು ಎಚ್ಚರ ಇರಬೇಕು. ಶಹಾಬಾದ್ ಫರ್ಸಿ ಕೊಡುವ, ವಾಡಿ, ಸೇಡಂನಲ್ಲಿ ಸಿಮೆಂಟ್ ಆಗುವ ಸುಣ್ಣದ ಕಲ್ಲೇ ನಮ್ಮ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಕರಗಿದೆ. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರ್‌ಗೆ ಸುರಿದರೆ ಕೊಳವೆಯ ಒಳಗೆ ಚಹಾ ಪಾತ್ರೆಯ ತಳದಲ್ಲಿ ಕಟ್ಟುವಂಥ ಬಿಳಿ ಪದರ ಕಟ್ಟುತ್ತದೆ. ಮೇ ತಿಂಗಳಲ್ಲಿ ಹೊರಗೇ 42, 43 ಡಿಗ್ರಿ. ಆ ಕೊಳವೆಯಲ್ಲಿ ನೀರು ಹೇಗೆ ಓಡಬೇಕು? ನಿಮ್ಮದು ಹಿತ್ತಾಳೆ-ತಾಮ್ರದ ರೇಡಿಯೇಟರ್ ಆಗಿದ್ದರೆ ಎಸೆಯಬೇಡಿ. ತಟ್ಟೆ ಬಿಚ್ಚಿಸಿ, ಕೋರ್ ಬದಲಿಸಿದರೆ ಹೊಸದರ ಹಾಗೆ ಆಗುತ್ತದೆ. ಇನ್ನು ಮುಂದೆ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ.

ನಮ್ಮ ಕಡೆ ಥರ್ಮೋಸ್ಟಾಟ್ (ಬಿಸಿ ನೋಡಿ ನೀರಿನ ದಾರಿ ಬದಲಿಸುವ ವಾಲ್ವ್) ಕಿತ್ತೆಸೆಯುವ ರೂಢಿ ಇದೆ. ಬಿಸಿಲು ಜಾಸ್ತಿ, ಅದ್ಯಾಕೆ ಬೇಕು ಅಂತ. ಅದು ತಪ್ಪು. ಬೈಪಾಸ್ ದಾರಿ ಇರುವ ಇಂಜಿನ್‌ನಲ್ಲಿ ಥರ್ಮೋಸ್ಟಾಟ್ ಬಿಸಿಯಾದಾಗ ಆ ದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಸ್ವಲ್ಪ ಬಿಸಿ ನೀರು ರೇಡಿಯೇಟರ್ ಮುಟ್ಟದೇ ಹಾಗೇ ಇಂಜಿನ್‌ಗೆ ವಾಪಸ್. ಹೊಸದು ಹಾಕಿಸಿ.

ಬ್ರೇಕ್ ಬಗ್ಗೆ ವಾದವೇ ಬೇಡ: ಮಾಸ್ಟರ್ ಸಿಲಿಂಡರ್ ಕಿಟ್, ವೀಲ್ ಸಿಲಿಂಡರ್, ರಬ್ಬರ್ ಪೈಪು, ಬ್ರೇಕ್ ಆಯಿಲ್, ಎಲ್ಲಾ ಹೊಸದು. ಆಲ್ಟರ್ನೇಟರ್ ಬೆನ್ನಿಗಿರುವ ವ್ಯಾಕ್ಯೂಮ್ ಪಂಪ್ ನೋಡಿಸಿ. ಅದು ಸೋತರೆ ಬ್ರೇಕ್ ಪೆಡಲ್ ಕಲ್ಲಿನಂತೆ ಆಗುತ್ತದೆ.

ಕೊನೆಗೆ ಟರ್ಬೊ. ನಿಮ್ಮ ಆಸೆ ನನಗೆ ಅರ್ಥ ಆಗುತ್ತದೆ. ಕಂಪನಿಯೇ ಇದೇ 1948 ಸಿಸಿ ಇಂಜಿನ್‌ಗೆ ಟರ್ಬೊ ಕೂಡಿಸಿ ಸಿಯೆರಾಗೆ ಕೊಟ್ಟಿತ್ತು. ಸುಮಾರು 63 ಎಚ್‌ಪಿ ಇದ್ದದ್ದು 90ರ ಆಸುಪಾಸಿಗೆ ಏರಿತು. ಆದರೆ ಅದು ಹೊಸ ಇಂಜಿನ್, ಆ ಒತ್ತಡಕ್ಕೆ ತಕ್ಕಂತೆ ಕಾರ್ಖಾನೆಯಲ್ಲೇ ಕಟ್ಟಿದ್ದು. ವರ್ಷಗಟ್ಟಲೆ ಚೀಲ ಹೊತ್ತ ಬ್ಲಾಕ್‌ಗೆ ಹೊರಗಿನಿಂದ ಟರ್ಬೊ ತೂರಿಸಿದರೆ ಮೊದಲು ಹೋಗುವುದು ಹೆಡ್ ಪ್ಯಾಕಿಂಗ್, ಆಮೇಲೆ ಹೆಡ್, ಜೊತೆಗೆ ಕ್ಲಚ್. ಬ್ರೇಕ್ ಮಾತ್ರ ಹಳೆಯ ವೇಗಕ್ಕೆ ಮಾಡಿದ್ದೇ ಉಳಿಯುತ್ತದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದಿದೆ. ಇಂಜಿನ್ ಪೂರ್ತಿ ಕೆಟ್ಟಿದ್ದರೆ ಅದೇ ಜಾತಿಯ ಇಂಜಿನ್ ಕೂರಿಸಬಹುದು, ಆದರೆ ಮೊದಲು ಆರ್‌ಟಿಒ ಒಪ್ಪಿಗೆ ಪಡೆಯಬೇಕು. ಯಾರಾದರೂ "207 ಡಿಐ ಇಂಜಿನ್ ಕೂರಿಸೋಣ, ಪಟ್ ಅಂತ ಸಿಗುತ್ತೆ" ಅಂದರೆ ಒಪ್ಪಬೇಡಿ. ಅದು ಟಾಟಾದ ಇನ್ನೊಂದು ಪಿಕಪ್‌ನದು, 2956 ಸಿಸಿ, ಬೇರೆಯೇ ಇಂಜಿನ್.

ಪಂಪ್‌ನ ಸ್ಕ್ರೂ ತಿರುಗಿಸಿ "ತಾಕತ್ತು" ಬರಿಸುವವರೂ ಸಿಗುತ್ತಾರೆ. ಹಿಂದೆ ಕರಿ ಹೊಗೆ ಬರುತ್ತದೆ, ನೋಡಿದವರಿಗೆ ಜೋರು ಅನಿಸುತ್ತದೆ. ಕರಿ ಹೊಗೆ ಅಂದರೆ ಉರಿಯದೇ ಹೊರಗೆ ಹೋದ ಡೀಸೆಲ್, ಅಷ್ಟೇ. ಗಾಡಿಗೆ ಅದರ ಮೂಲ ಓಟ ಬೇಕಾದರೆ ನಾಝಲ್, ಪಂಪ್ ಟೈಮಿಂಗ್, ಏರ್ ಫಿಲ್ಟರ್, ವಾಲ್ವ್ ಗ್ಯಾಪ್ ಇಷ್ಟನ್ನು ಕಂಪನಿ ಅಳತೆಗೆ ತನ್ನಿ. ಬಹಳ ಜನ ತಮ್ಮ ಹಳೆ ಗಾಡಿಯನ್ನು ಸರಿಯಾದ ಅಳತೆಯಲ್ಲಿ ಓಡಿಸಿಯೇ ನೋಡಿರುವುದಿಲ್ಲ. ಒಮ್ಮೆ ಓಡಿಸಿ ನೋಡಿ, ಟರ್ಬೊ ಮಾತು ಆಮೇಲೆ.

ಪ್ರಶ್ನೆ: ಭಾಲ್ಕಿಯಿಂದ ಬರೆಯುತ್ತಿದ್ದೇನೆ ಸರ್. ನಮ್ಮ ಹಳೆ ಪಿಕಪ್‌ನ ಬಾಗಿಲ ಕೆಳಗೆ ತೂತು ಬಿದ್ದಿದೆ. ಡೆಂಟರ್ ಅವರು ಪುಟ್ಟಿ ತುಂಬಿ ಪೇಂಟ್ ಹೊಡೆದರೆ ಗೊತ್ತೇ ಆಗಲ್ಲ ಅಂತಾರೆ. ಮಾಡಿಸಲಾ?

ಉತ್ತರ: ಬೇಡಮ್ಮ. ತೂತಿಗೆ ಪುಟ್ಟಿ ಮದ್ದಲ್ಲ. ಅದು ನೀರು ಹೀರುತ್ತದೆ, ಜಂಗು ಹಿಂದಿನಿಂದ ತಿನ್ನುತ್ತಲೇ ಇರುತ್ತದೆ. ಎರಡು ಮಳೆಗಾಲದಲ್ಲಿ ಪೇಂಟ್ ಗುಳ್ಳೆ ಏಳುತ್ತದೆ. ಕೊಳೆತ ತಗಡು ಕತ್ತರಿಸಿ ಹೊಸ ತುಂಡು ಬೆಸೆಯಲಿ, ಮೇಲೆ ಎಪಾಕ್ಸಿ ಪ್ರೈಮರ್ ಹೊಡೆಯಲಿ, ಪುಟ್ಟಿ ಸಮ ಮಾಡುವುದಕ್ಕೆ ಮಾತ್ರ, ತೆಳ್ಳಗೆ. ಬಾಗಿಲ ತಳದಲ್ಲಿ ನೀರು ಇಳಿದು ಹೋಗಲು ಸಣ್ಣ ಕಿಂಡಿಗಳಿರುತ್ತವೆ. ಅವು ಧೂಳಿನಿಂದ ಮುಚ್ಚಿದ್ದೇ ನಿಮ್ಮ ಬಾಗಿಲು ಕೊಳೆಯಲು ಕಾರಣ ಇರಬೇಕು. ಕಡ್ಡಿ ಹಾಕಿ ಬಿಡಿಸಿಕೊಳ್ಳಿ.

ಪ್ರಶ್ನೆ: ಯಾದಗಿರಿ ಓದುಗ. ಗಾಡಿ ತೀರಿಹೋದ ನಮ್ಮ ತಂದೆ ಹೆಸರಿನಲ್ಲೇ ಇದೆ, ಕೆಎ 33 ನಂಬರು, ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಮುಗಿದು ವರ್ಷಗಳಾದವು. ವಿಂಟೇಜ್ ಅಂತ ಮಾಡಿಸಿದರೆ ಸುಲಭ ಆಗುತ್ತಾ?

ಉತ್ತರ: ಇಲ್ಲ. ವಿಂಟೇಜ್ ಅನ್ನುವುದಕ್ಕೆ 50 ವರ್ಷ ದಾಟಿರಬೇಕು, ಬಾಡಿಗೆ-ವ್ಯಾಪಾರದ ಗಾಡಿಗೆ ಅದು ಸಿಗುವುದೂ ಇಲ್ಲ. ಮೊದಲು ಹೆಸರು ಬದಲಿಸಿ. ಮಾಲೀಕರು ತೀರಿಕೊಂಡಾಗ ಫಾರ್ಮ್ 31 ಬಳಸಬೇಕು, ಮಾರಾಟದ ಫಾರ್ಮ್ ಅಲ್ಲ. ಮರಣ ಪತ್ರ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಜೊತೆಗಿರಲಿ. ಬಾಕಿ ತೆರಿಗೆ ಎಷ್ಟು ಅಂತ ಆರ್‌ಟಿಒದಲ್ಲಿ ವಿಚಾರಿಸಿ. ಲೋಡ್ ಗಾಡಿಗೆ ಎಂಟು ವರ್ಷದ ನಂತರ ಪ್ರತಿ ವರ್ಷ ಎಫ್‌ಸಿ ಆಗಬೇಕು, ಆ ಖರ್ಚೂ ಲೆಕ್ಕದಲ್ಲಿರಲಿ. ಈ ಎಲ್ಲಾ ಕಾಗದ ಸರಿಹೋಗುತ್ತವೆ ಅಂತ ಖಾತ್ರಿ ಆದ ಮೇಲೆಯೇ ಗಾಡಿಗೆ ಪಾನಾ ಹಚ್ಚಿ.