ಡಬ್ಬಿ ಫಿಲ್ಟರ್ ತೆಗೆದು ಸ್ಪಿನ್-ಆನ್ ಹಾಕಬಹುದೇ?

ಪ್ರಶ್ನೆ: ನನ್ನ ಬಳಿ 1964ರ ಎಂಜಿಬಿ ಕಾರು ಇದೆ. ಆಯಿಲ್ ಬದಲಿಸುವಾಗಲೆಲ್ಲ ಫಿಲ್ಟರ್ ಡಬ್ಬಿಯನ್ನು ಬಿಚ್ಚಿ ಜೋಡಿಸುವುದೇ ದೊಡ್ಡ ಪಾಡು. ಮೊಣಕೈವರೆಗೆ ಎಣ್ಣೆ ಇಳಿಯುತ್ತದೆ, ಹೊಸ ಎಲಿಮೆಂಟ್ (ಡಬ್ಬಿಯೊಳಗಿನ ಶೋಧಕ) ಹಾಕಿದ ಮೇಲೂ ಡಬ್ಬಿಯ ಅಂಚಿನಲ್ಲಿ ಜಿನುಗು ನಿಲ್ಲುವುದಿಲ್ಲ. ಅಡಾಪ್ಟರ್ ಹಾಕಿ ಈಗಿನ ಕಾರುಗಳಂತೆ ಸ್ಪಿನ್-ಆನ್ ಫಿಲ್ಟರ್ (ತಿರುಗಿಸಿ ಕೂರಿಸಿ, ಬದಲಿಸುವಾಗ ತಗಡಿನ ಸಮೇತ ಬಿಸಾಡುವಂಥದ್ದು) ಕೂರಿಸಿದರೆ ಎಂಜಿನ್‌ಗೂ ಒಳ್ಳೆಯದು ಎನ್ನುತ್ತಾರೆ. ನಿಜವೇ? ಯಾವ ಫಿಲ್ಟರ್ ಆರಿಸಬೇಕು?

ಉತ್ತರ: ಕೈಗೆ ಒಳ್ಳೆಯದು, ಎಂಜಿನ್‌ಗೆ ಅಷ್ಟೇನೂ ವ್ಯತ್ಯಾಸವಿಲ್ಲ. ಆಯಿಲ್ ಎಷ್ಟು ಶುದ್ಧವಾಗುತ್ತದೆ ಎಂಬುದನ್ನು ನಿರ್ಧರಿಸುವುದು ಒಳಗಿರುವ ಮಡಿಕೆ ಮಡಿಕೆಯ ಕಾಗದ. ಅದು ನಿಮ್ಮ ಹಳೆಯ ಡಬ್ಬಿಯೊಳಗೆ ಕುಳಿತಿದ್ದರೂ ಬಿಸಾಡುವ ತಗಡಿನೊಳಗೆ ಕುಳಿತಿದ್ದರೂ ಮಾಡುವ ಕೆಲಸ ಒಂದೇ. ಸ್ಪಿನ್-ಆನ್ ಬಂದದ್ದು 1950ರ ದಶಕದಲ್ಲಿ, ಮುಖ್ಯವಾಗಿ ಬದಲಿಸುವವನ ಶ್ರಮ ಕಡಿಮೆ ಮಾಡಲು. ಆ ಅನುಕೂಲ ನಿಮಗೆ ಬೇಕಿದ್ದರೆ ಖಂಡಿತ ಹಾಕಿಸಿ. ಶೋಧನೆ ಉತ್ತಮವಾಗುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನು ಮಾರಾಟದ ಮಾತೆಂದು ತಿಳಿಯಿರಿ.

ಆದರೆ ಅದಕ್ಕೂ ಮೊದಲು ಆ ಸೋರಿಕೆಯ ಮೂಲವನ್ನು ನೋಡಿ. ಡಬ್ಬಿಯ ಅಂಚು ಕೂರುವ ಜಾಗದಲ್ಲಿ, ಮೇಲಿನ ಫಿಲ್ಟರ್ ಹೆಡ್ಡಿನಲ್ಲಿ (ಎಂಜಿನ್ನಿಗೆ ಸೇರಿರುವ, ಡಬ್ಬಿಯನ್ನು ಹೊರುವ ಭಾಗ), ಒಂದು ಕಿರಿದಾದ ತೋಡು ಇರುತ್ತದೆ. ಅದರಲ್ಲಿ ಚೌಕ ಅಂಚಿನ ರಬ್ಬರ್ ಉಂಗುರ. ವರ್ಷಗಳು ಕಳೆದಂತೆ ಅದು ಗಟ್ಟಿಯಾಗಿ, ಕಪ್ಪಗಾಗಿ, ಲೋಹದ ಭಾಗವೇ ಎನ್ನುವಂತೆ ತೋಡಿನಲ್ಲಿ ಬೆರೆತುಹೋಗುತ್ತದೆ. ಕಾರಿನ ಕೆಳಗೆ ಮಲಗಿ ಮಬ್ಬು ಬೆಳಕಿನಲ್ಲಿ ನೋಡುವವನಿಗೆ ಅಲ್ಲಿ ಉಂಗುರ ಇದೆಯೆಂದೇ ಗೊತ್ತಾಗುವುದಿಲ್ಲ. ಅವನು ಹೊಸ ಉಂಗುರವನ್ನು ಅದರ ಮೇಲೆಯೇ ಒತ್ತಿ ಕೂರಿಸುತ್ತಾನೆ. ಎರಡು ಉಂಗುರಗಳ ಮೇಲೆ ಡಬ್ಬಿ ಎಂದೂ ಸಮನಾಗಿ ಕೂರದು. ಆಗ ಬೋಲ್ಟನ್ನು ಇನ್ನಷ್ಟು ಬಿಗಿಯುತ್ತಾರೆ, ಡಬ್ಬಿಯ ಅಂಚು ಸೊಟ್ಟಗಾಗುತ್ತದೆ, ಸೋರಿಕೆ ಶಾಶ್ವತವಾಗುತ್ತದೆ. ಕೊಕ್ಕೆಯಂತೆ ಬಾಗಿಸಿದ ಸೂಜಿಯಿಂದ ತೋಡಿನ ಸುತ್ತಲೂ ಕೆದಕಿ. ರಬ್ಬರಿನ ಚೂರುಗಳು ಬಂದರೆ ಕಾರಣ ಸಿಕ್ಕಿತು. ತೋಡಿನ ತಳದಲ್ಲಿ ಹೊಳೆಯುವ ಲೋಹ ಕಾಣುವವರೆಗೆ ಬಿಡಬೇಡಿ.

ಹೇಗೂ ಸ್ಪಿನ್-ಆನ್ ಹಾಕುತ್ತೇನಲ್ಲ, ಇದೇಕೆ ಎಂದು ಕೇಳಬೇಡಿ. ಅಡಾಪ್ಟರಿನ ತಟ್ಟೆ ಸಾಮಾನ್ಯವಾಗಿ ಕೂರುವುದೂ ಅದೇ ತೋಡಿನಲ್ಲಿಯೇ. ಹಳೆಯ ಉಂಗುರ ಉಳಿದಿದ್ದರೆ ಹೊಸ ಅಡಾಪ್ಟರ್ ಕೂಡ ಸೋರುತ್ತದೆ, ಮತ್ತು ಬೈಗುಳ ಪಾಪ ಅಡಾಪ್ಟರ್ ಮಾಡಿದವನಿಗೆ ಬೀಳುತ್ತದೆ.

ಡಬ್ಬಿ ಬಿಚ್ಚಿದಾಗ ಒಳಗಿನ ಸಾಮಾನನ್ನೂ ಒಮ್ಮೆ ಎಣಿಸಿ. ನಡುವಿನ ಉದ್ದ ಬೋಲ್ಟಿನ ಮೇಲೆ ಒಂದು ಸ್ಪ್ರಿಂಗ್, ಒಂದು ವಾಷರ್, ಒಂದು ಫೆಲ್ಟ್ ಅಥವಾ ರಬ್ಬರ್ ಸೀಲ್, ಎಲಿಮೆಂಟನ್ನು ಹೊರುವ ತಟ್ಟೆ ಇರಬೇಕು. ಹಿಂದಿನ ಮಾಲೀಕರ ಕಾಲದಲ್ಲಿ ಇವುಗಳಲ್ಲಿ ಒಂದೆರಡು ಕಸದ ಬುಟ್ಟಿ ಸೇರಿರುವುದು ತೀರಾ ಸಾಮಾನ್ಯ. ಸ್ಪ್ರಿಂಗ್ ಇಲ್ಲದಿದ್ದರೆ ಎಲಿಮೆಂಟ್ ಮೇಲಕ್ಕೆ ಒತ್ತಿ ನಿಲ್ಲುವುದಿಲ್ಲ. ಆಯಿಲ್ ಕಾಗದದೊಳಗಿಂದ ಹೋಗುವ ಬದಲು ಪಕ್ಕದಿಂದ ನುಸುಳಿ ಸೀದಾ ಬೇರಿಂಗಿಗೆ ಹೋಗುತ್ತದೆ. ಹೊರಗೆ ಒಂದು ಹನಿಯೂ ಸೋರದೆ, ಮೀಟರಿನಲ್ಲಿ ಪ್ರೆಷರ್ ಸರಿಯಾಗಿಯೇ ತೋರಿಸುತ್ತ, ಎಂಜಿನ್ ಫಿಲ್ಟರೇ ಇಲ್ಲದಂತೆ ಓಡುತ್ತಿರುತ್ತದೆ. ನನ್ನ ಮಟ್ಟಿಗೆ ಸ್ಪಿನ್-ಆನ್ ಪರವಾಗಿರುವ ಗಟ್ಟಿ ವಾದ ಇದೊಂದೇ: ಅದರಲ್ಲಿ ಕಳೆದುಹೋಗಲು ಬಿಡಿಭಾಗಗಳೇ ಇಲ್ಲ.

ಇನ್ನು ಫಿಲ್ಟರ್ ಆಯ್ಕೆ. ಮೊದಲು ಥ್ರೆಡ್ಡು. ಬ್ರಿಟಿಷ್ ಮತ್ತು ಅಮೆರಿಕನ್ ಎಂಜಿನ್‌ಗಳ ಅಡಾಪ್ಟರ್‌ಗಳಲ್ಲಿ ಹೆಚ್ಚಾಗಿ ಮುಕ್ಕಾಲು ಇಂಚಿನ, ಇಂಚಿಗೆ 16 ಸುತ್ತಿನ ಥ್ರೆಡ್ ಇರುತ್ತದೆ. ಅದರ ವ್ಯಾಸ 19.05 ಮಿಲಿಮೀಟರ್. ಮಾರುಕಟ್ಟೆಯಲ್ಲಿ 20 ಮಿಲಿಮೀಟರ್ ವ್ಯಾಸದ, 1.5 ಮಿಲಿಮೀಟರ್ ಅಂತರದ ಮೆಟ್ರಿಕ್ ಥ್ರೆಡ್ಡಿನ ಫಿಲ್ಟರುಗಳೂ ಇವೆ, ಹೊರನೋಟಕ್ಕೆ ತದ್ರೂಪು. ಮೆಟ್ರಿಕ್ ಫಿಲ್ಟರ್ ಮುಕ್ಕಾಲು ಇಂಚಿನ ಕೊಳವೆಯ ಮೇಲೆ ತಿರುಗಿ ಕೂರುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ. ಆದರೆ ಥ್ರೆಡ್ಡಿನ ತುದಿಗಳಷ್ಟೇ ಒಂದನ್ನೊಂದು ಹಿಡಿದಿರುತ್ತವೆ. ಚಳಿಯ ಬೆಳಗಿನಲ್ಲಿ ಗಟ್ಟಿ ಆಯಿಲ್ ಮೇಲೆ ಪ್ರೆಷರ್ ಏರಿದಾಗ ಫಿಲ್ಟರ್ ಕಿತ್ತುಬಂದರೆ, ನೀವು ಎಂಜಿನ್ ನಿಲ್ಲಿಸುವಷ್ಟರಲ್ಲಿ ಸಂಪ್ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ) ಖಾಲಿ. ಗಾತ್ರ ನೋಡಿ, ರಬ್ಬರ್ ನೋಡಿ ಕೊಳ್ಳುವುದು ಬೇಡ. ಅಡಾಪ್ಟರ್ ತಯಾರಕರು ಸೂಚಿಸಿದ ಫಿಲ್ಟರ್ ಸಂಖ್ಯೆಯನ್ನೇ ಹಿಡಿಯಿರಿ, ಬೇರೆ ಕಂಪನಿಯದು ಬೇಕಾದರೆ ಆ ಸಂಖ್ಯೆಗೆ ಸಮಾನವಾದದ್ದನ್ನು ಅವರ ಪಟ್ಟಿಯಲ್ಲಿ ಹುಡುಕಿ.

ಎರಡನೆಯದು ಬೈಪಾಸ್ ವಾಲ್ವ್. ಫಿಲ್ಟರ್ ಕಟ್ಟಿಕೊಂಡಾಗ ಅಥವಾ ಆಯಿಲ್ ತಣ್ಣಗೆ ಗಟ್ಟಿಯಾಗಿರುವಾಗ, ಶೋಧಿಸದ ಆಯಿಲನ್ನಾದರೂ ಬೇರಿಂಗಿಗೆ ಬಿಡುವ ಕಿಂಡಿ ಇದು. ಕೊಳಕು ಆಯಿಲ್ ಕೆಟ್ಟದ್ದು, ಆಯಿಲೇ ಇಲ್ಲದಿರುವುದು ಸಾವು. ಹಲವು ಹಳೆಯ ಎಂಜಿನ್‌ಗಳಲ್ಲಿ ಈ ವಾಲ್ವ್ ಫಿಲ್ಟರ್ ಹೆಡ್ಡಿನಲ್ಲಿಯೇ ಇರುತ್ತದೆ. ಕೆಲವು ಅಡಾಪ್ಟರ್‌ಗಳು ಹೆಡ್ಡನ್ನೇ ತೆಗೆದುಹಾಕಿ ಆ ಜಾಗದಲ್ಲಿ ಕೂರುತ್ತವೆ. ಹೆಡ್ಡಿನ ಜೊತೆಗೆ ವಾಲ್ವೂ ಹೋಗುತ್ತದೆ. ಆಗ ವಾಲ್ವ್ ಇರುವ ಫಿಲ್ಟರನ್ನೇ ಆರಿಸಬೇಕು. ಹೆಡ್ಡಿನಲ್ಲೂ ಫಿಲ್ಟರಿನಲ್ಲೂ ವಾಲ್ವ್ ಇದ್ದರೆ ಮೊದಲು ತೆರೆಯುವುದು ದುರ್ಬಲ ಸ್ಪ್ರಿಂಗಿನದು. ಅದರಿಂದ ಅಪಾಯವಿಲ್ಲ, ಶೋಧಿಸದ ಆಯಿಲ್ ತುಸು ಬೇಗ ಹರಿಯಬಹುದು ಅಷ್ಟೇ. ಎರಡರಲ್ಲೂ ಇಲ್ಲದಿರುವುದೇ ಅನಾಹುತ. ಇದನ್ನು ಪಂಪಿನ ರಿಲೀಫ್ ವಾಲ್ವಿನೊಂದಿಗೆ ಬೆರೆಸಬೇಡಿ. ಅದು ಒಟ್ಟು ಪ್ರೆಷರನ್ನು ಹಿಡಿತದಲ್ಲಿಡುವ ಬೇರೆಯೇ ಅಂಗ.

ಮೂರನೆಯದು, ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ಪರದೆ. ನಿಮ್ಮ ಎಂಜಿನ್ನಿನಲ್ಲಿ ಫಿಲ್ಟರ್ ಬಾಯಿ ಮೇಲಾಗಿ ನೇತಾಡುವುದರಿಂದ ಒಳಗಿನ ಆಯಿಲ್ ಹೆಚ್ಚೂಕಡಿಮೆ ಅಲ್ಲೇ ನಿಲ್ಲುತ್ತದೆ, ಪರದೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಮುಂದಿನ ಕೆಲವು ವರ್ಷಗಳ ಎಂಜಿಬಿಗಳಲ್ಲಿ ಫಿಲ್ಟರ್ ಬಾಯಿ ಕೆಳಗಾಗಿ ನಿಂತಿರುತ್ತದೆ. ಅಲ್ಲಿ ಪರದೆ ಇಲ್ಲದ ಫಿಲ್ಟರ್ ಹಾಕಿದರೆ ರಾತ್ರಿ ಕಳೆಯುವುದರೊಳಗೆ ಬರಿದಾಗಿ, ಬೆಳಗ್ಗೆ ಎಂಜಿನ್ ಹಿಡಿದ ಕೂಡಲೇ ಪ್ರೆಷರ್ ಮುಳ್ಳು ಏಳದೆ ಬೇರಿಂಗುಗಳು ಖಟಖಟ ಎನ್ನುತ್ತವೆ.

ಜೋಡಿಸುವ ಕೆಲಸದಲ್ಲಿ ಹೆಚ್ಚು ಹೇಳುವುದೇನಿಲ್ಲ. ಫಿಲ್ಟರಿನ ರಬ್ಬರಿಗೆ ಆಯಿಲ್ ಸವರಿ, ರಬ್ಬರ್ ತಗುಲಿದ ಮೇಲೆ ಕೈಯಿಂದಲೇ ಸುಮಾರು ಮುಕ್ಕಾಲು ಸುತ್ತು. ಫಿಲ್ಟರಿನ ಮೇಲೆ ಬೇರೆ ಅಳತೆ ಬರೆದಿದ್ದರೆ ಅದರಂತೆ. ನಿಮ್ಮ ಫಿಲ್ಟರ್ ಬಾಯಿ ಮೇಲಾಗಿರುವುದರಿಂದ ಮೊದಲೇ ಆಯಿಲ್ ತುಂಬಿಸಿ ಹಾಕಬಹುದು. ಕೂರಿಸುವಾಗ ಸ್ಟೀರಿಂಗ್ ದಂಡಕ್ಕಾಗಲಿ ಎಕ್ಸಾಸ್ಟ್ ಕೊಳವೆಗಾಗಲಿ ತಗುಲದಷ್ಟು ಜಾಗ ಇದೆಯೇ ನೋಡಿ. ಎಂಜಿನ್ ತನ್ನ ರಬ್ಬರುಗಳ ಮೇಲೆ ಅಲುಗಾಡುತ್ತದೆ ಎಂಬುದೂ ನೆನಪಿರಲಿ. ನಂತರ ಇಗ್ನಿಷನ್ ಕಾಯಿಲ್‌ನ ವೈರ್ ಕಳಚಿ, ಪ್ರೆಷರ್ ಮುಳ್ಳು ಏಳುವವರೆಗೆ ಸ್ಟಾರ್ಟರಿನಿಂದ ತಿರುಗಿಸಿ, ಆಮೇಲೆ ಎಂಜಿನ್ ಹಿಡಿಸಿ. ಎಂಜಿಬಿಯಲ್ಲಿ ಬಿಸಿಯಾದ ಮೇಲೆ ಓಟದಲ್ಲಿ 50ರಿಂದ 80 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಪ್ರೆಷರ್ ಇರಬೇಕು. ಹೊಸ ಫಿಲ್ಟರ್ ಹಿಡಿಸುವ ಆಯಿಲ್ ಹಳೆಯ ಡಬ್ಬಿಯಷ್ಟೇ ಇರುವುದಿಲ್ಲ. ಹಾಗಾಗಿ ಕೈಪಿಡಿಯ ಲೀಟರ್ ಲೆಕ್ಕ ಬದಿಗಿಟ್ಟು ಡಿಪ್‌ಸ್ಟಿಕ್ಕನ್ನು ನಂಬಿ.

ಒಂದು ನಷ್ಟವನ್ನು ಹೇಳಲೇಬೇಕು. ಡಬ್ಬಿಯ ತಳದಲ್ಲಿ ಕುಳಿತ ಕೆಸರನ್ನು ಬೆರಳಿನಿಂದ ಉಜ್ಜಿ ನೋಡಿದರೆ ಎಂಜಿನ್ನಿನ ಆರೋಗ್ಯ ತಿಳಿಯುತ್ತಿತ್ತು; ಬಿಳಿ ಲೋಹದ ಮಿನುಗು ಬೇರಿಂಗ್ ಸವೆತದ ಮುನ್ಸೂಚನೆ. ಸ್ಪಿನ್-ಆನ್‌ನಲ್ಲಿ ಅದನ್ನು ನೋಡಬೇಕಾದರೆ ಫಿಲ್ಟರ್ ಕತ್ತರಿಸುವ ಸಾಧನದಿಂದ ತಗಡನ್ನು ಸೀಳಬೇಕು. ಗರಗಸದಿಂದ ಬೇಡ, ಗರಗಸದ ಪುಡಿಯನ್ನೇ ಬೇರಿಂಗಿನ ಪುಡಿಯೆಂದು ಹೆದರುತ್ತೀರಿ. ಹಳೆಯ ಡಬ್ಬಿ, ಬೋಲ್ಟ್, ಸ್ಪ್ರಿಂಗುಗಳನ್ನು ಒಂದು ಪೊಟ್ಟಣದಲ್ಲಿ ಹೆಸರು ಬರೆದು ಇಡಿ. ಮೂಲಸ್ವರೂಪಕ್ಕೆ ಬೆಲೆ ಕೊಡುವವರು ಮುಂದೆ ಸಿಗುತ್ತಾರೆ.

ಪ್ರಶ್ನೆ: 1954ರ ಆರು ಸಿಲಿಂಡರ್ ಷೆವರ್ಲೆಯ ಪಕ್ಕದ ಫಿಲ್ಟರ್ ಡಬ್ಬಿ ತೆಗೆದು, ಅದೇ ಎರಡು ಕೊಳವೆಗಳಿಗೆ ಸ್ಪಿನ್-ಆನ್ ಹೆಡ್ ಜೋಡಿಸಿದೆ. ಅಂದಿನಿಂದ ಬಿಸಿಯಾದಾಗ ಆಯಿಲ್ ಪ್ರೆಷರ್ ಕುಸಿಯುತ್ತದೆ. ಪಂಪ್ ಸವೆದಿದೆಯೇ?

ಉತ್ತರ: ಪಂಪನ್ನು ಮುಟ್ಟಬೇಡಿ. ಎಂಜಿಬಿಯಲ್ಲಿ ಬೇರಿಂಗಿಗೆ ಹೋಗುವ ಆಯಿಲೆಲ್ಲ ಫಿಲ್ಟರ್ ದಾಟಿಯೇ ಹೋಗುತ್ತದೆ. ನಿಮ್ಮ ಎಂಜಿನ್ನಿನಲ್ಲಿ ಹಾಗಿಲ್ಲ. ಅಲ್ಲಿ ಅಲ್ಪ ಭಾಗ ಮಾತ್ರ ಪಕ್ಕದ ಹಾದಿ ಹಿಡಿದು, ಫಿಲ್ಟರ್ ದಾಟಿ, ಬೇರಿಂಗಿಗೆ ಹೋಗದೆ ಸಂಪಿಗೆ ಮರಳುತ್ತದೆ. ಹಾಗೆ ಹರಿಯುವ ಆಯಿಲ್ ಮಿತಿ ಮೀರದಂತೆ ದಾರಿಯಲ್ಲಿ ಒಂದೆರಡು ಮಿಲಿಮೀಟರಿನ ಸಣ್ಣ ರಂಧ್ರ ಇರುತ್ತದೆ, ಬಹಳಷ್ಟು ಸಲ ಹಳೆಯ ಡಬ್ಬಿಯೊಳಗೋ ಅದರ ಕೊಳವೆ ಜೋಡಣೆಯಲ್ಲೋ. ಡಬ್ಬಿಯ ಜೊತೆಗೆ ಆ ರಂಧ್ರವನ್ನೂ ನೀವು ತೆಗೆದಿದ್ದೀರಿ. ಈಗಿನ ಫಿಲ್ಟರ್ ಸಲೀಸಾಗಿ ಹರಿಯಬಿಡುವುದರಿಂದ ಬೇರಿಂಗಿನ ಪಾಲು ಸಂಪಿಗೆ ಸುರಿಯುತ್ತಿದೆ. ಫಿಲ್ಟರಿಗೆ ಹೋಗುವ ಕೊಳವೆಯಲ್ಲಿ ಮೂಲ ಅಳತೆಯ ರಂಧ್ರವಿರುವ ಜೋಡಣೆ ಹಾಕಿಸಿ. ಅಲ್ಲಿಯವರೆಗೆ ಕಾರು ಓಡಿಸಬೇಡಿ.

ಎಲ್ಲ ಆಯಿಲೂ ಫಿಲ್ಟರ್ ದಾಟುವಂತೆ ಮಾಡಬಾರದೇ ಎಂದರೆ, ನಿಮ್ಮ ಬ್ಲಾಕಿನಲ್ಲಿ ಅದಕ್ಕೆ ದಾರಿಯನ್ನೇ ಬಿಟ್ಟಿಲ್ಲ. ಅದೇ ಕಂಪನಿಯ ಸಣ್ಣ ವಿ8 ಎಂಜಿನ್ 1955ರಲ್ಲಿ ಬಂದಾಗ ಬ್ಲಾಕಿನಲ್ಲಿ ಫಿಲ್ಟರಿಗೆ ಜಾಗವೇ ಇರಲಿಲ್ಲ. ಅದು ಬಂದದ್ದು 1956ರಲ್ಲಿ, ಸ್ಪಿನ್-ಆನ್ 1968ರಲ್ಲಿ.

ಪ್ರಶ್ನೆ: ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಫಿಲ್ಟರೇ ಇಲ್ಲ. ಹಾಕಿಸಲೇ?

ಉತ್ತರ: ಎಂಜಿನ್ ಪೂರ್ತಿ ಬಿಚ್ಚುವ ಸಂದರ್ಭ ಬಂದರೆ ಹಾಕಿಸಿ. ಪಂಪಿನಿಂದ ಹೊರಟ ಆಯಿಲನ್ನು ಫಿಲ್ಟರಿಗೆ ಒಯ್ದು, ಮರಳಿ ಕ್ರ್ಯಾಂಕ್‌ಕೇಸಿನ ಮುಖ್ಯ ದಾರಿಗೆ ಸೇರಿಸಲು ಕೇಸಿನಲ್ಲಿ ರಂಧ್ರ ಕೊರೆದು ಥ್ರೆಡ್ ಹಾಕಬೇಕು. ಜೋಡಿಸಿದ ಎಂಜಿನ್ನಿನಲ್ಲಿ ಅದನ್ನು ಮಾಡಿದರೆ ಕೊರೆದ ಪುಡಿ ಎಲ್ಲಿ ಹೋಗುತ್ತದೆಂದು ನಾನು ಹೇಳಬೇಕಿಲ್ಲ. ಜೊತೆಗೆ, ಈ ಜೋಡಣೆಯಲ್ಲಿ ಫಿಲ್ಟರ್ ಕೂರುವುದು ರಿಲೀಫ್ ವಾಲ್ವಿಗಿಂತ ಮೊದಲು. ತಣ್ಣಗಿನ ಗಟ್ಟಿ ಆಯಿಲಿನಲ್ಲಿ ಪಂಪಿನ ಪೂರ್ತಿ ಒತ್ತಡ ಫಿಲ್ಟರಿನ ಮೇಲೂ ಹೋಸುಗಳ ಮೇಲೂ ಬೀಳುತ್ತದೆ. ಹಾಗಾಗಿ ದೊಡ್ಡ ಪಂಪಿನ ಆಸೆಗೆ ಬೀಳಬೇಡಿ, ಹೋಸುಗಳಲ್ಲಿ ಜುಗ್ಗತನ ಬೇಡ. ಸದ್ಯಕ್ಕೆ ಎರಡೂವರೆ ಲೀಟರ್ ಆಯಿಲನ್ನು 5000 ಕಿಲೋಮೀಟರಿಗೊಮ್ಮೆ ಬದಲಿಸಿ, ತಳದ ಜರಡಿಯನ್ನು ಪ್ರತಿ ಸಲ ಬಿಚ್ಚಿ ತೊಳೆಯುತ್ತಿದ್ದರೆ ಸಾಕು.