ಅಲ್ಲಿ ಕಾಫಿ ಮಾಡುತ್ತಿದ್ದವರು

ಮಕ್ಕಳು ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ಮನೆಗಳು ದಾವಣಗೆರೆಯಲ್ಲಿ ಈಗ ಅಪರೂಪವಲ್ಲ. ನಿವೃತ್ತರಾದ ತಂದೆತಾಯಿ ಹೋಗಿಬರುತ್ತಾರೆ. ಸಂದರ್ಶಕರ ವೀಸಾದಲ್ಲಿ ಅಮೆರಿಕದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ 6 ತಿಂಗಳವರೆಗೆ ಇರಬಹುದು. ಅನೇಕರು ಅಷ್ಟನ್ನೂ ಮುಗಿಸಿಯೇ ಮರಳುತ್ತಾರೆ. ಮರಳಿದ ಮೇಲೆ ಮನೆಯಲ್ಲಿ ಮುನಿಸು ಹೊಗೆಯಾಡಿ ಆಪ್ತಸಲಹೆಗೆಂದು ನನ್ನ ಬಳಿ ಬರುವ ದಂಪತಿಗಳು ಹೆಚ್ಚುತ್ತಿದ್ದಾರೆ. ಅವರಲ್ಲೊಂದು ಜೋಡಿಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಅವರು ನಿವೃತ್ತ ಸರ್ಕಾರಿ ನೌಕರರು, ಆಕೆ ಗೃಹಿಣಿ. ಮಗ ಸೊಸೆ ನ್ಯೂಜೆರ್ಸಿಯಲ್ಲಿದ್ದಾರೆ. ಊರಿಗೆ ಬಂದ ಮೇಲೆ ಆಕೆಯ ಮಾತು ಕಡಿಮೆಯಾಯಿತು, ಊಟ ಸೇರದಾಯಿತು. "ಅಮೆರಿಕ ನೋಡಿ ಬಂದವಳಿಗೆ ಈ ಊರು ಹಿಡಿಸುತ್ತಿಲ್ಲ ಮೇಡಂ. ಧೂಳು ಅನ್ನುತ್ತಾಳೆ, ಸೊಳ್ಳೆ ಅನ್ನುತ್ತಾಳೆ" ಎಂದರು ಯಜಮಾನರು. ಮಗನೂ ಫೋನಿನಲ್ಲಿ ಅದನ್ನೇ ಹೇಳಿದ.

ಮೊದಲು ದೇಹದ ಕಾರಣ ನೋಡಬೇಕು. ನ್ಯೂಜೆರ್ಸಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಅಂತರ. ಒಂದು ಗಂಟೆಯ ಅಂತರಕ್ಕೆ ಹೊಂದಿಕೊಳ್ಳಲು ದೇಹಕ್ಕೆ ಸುಮಾರು ಒಂದು ದಿನ ಬೇಕು. ಬಂದು ಹತ್ತು ಹನ್ನೆರಡು ದಿನ ನಿದ್ದೆ, ಹಸಿವು ತಪ್ಪಿದರೆ ಗಾಬರಿಯಿಲ್ಲ. ಇವರು ಬಂದು ಎರಡು ತಿಂಗಳಾಗಿತ್ತು. ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದೆವು, ದೋಷ ಕಾಣಲಿಲ್ಲ.

ಮುಂದಿನ ಭೇಟಿಯಲ್ಲಿ ಇಬ್ಬರನ್ನೂ ಕೂರಿಸಿ, ಅಲ್ಲಿನ ಒಂದು ಸಾಮಾನ್ಯ ದಿನವನ್ನು ಬೆಳಗಿನಿಂದ ಹೇಳಿ ಎಂದೆ. ನಯಾಗರ ಬೇಡ, ನ್ಯೂಯಾರ್ಕ್ ಬೇಡ, ಬರೀ ಮನೆಯ ದಿನ. ಯಜಮಾನರು ಉತ್ಸಾಹದಿಂದ ಶುರುಮಾಡಿದರು. ಮಗ ಸೊಸೆಗೆ ಕೆಲಸದ ಅವಸರ, ಹಾಗಾಗಿ ಬೆಳಗಿನ ಕಾಫಿ ಯಜಮಾನರದೇ. ಡಿಶ್‌ವಾಷರ್‌ನಿಂದ ರಾತ್ರಿಯ ಪಾತ್ರೆ ತೆಗೆದು ಜೋಡಿಸುವುದು, ಗಾಲಿಯ ಕಸದ ಡಬ್ಬಿಯನ್ನು ರಸ್ತೆಯ ಅಂಚಿಗೆ ತಳ್ಳಿಕೊಂಡು ಹೋಗಿ ಇಡುವುದು, ಅದೂ ಇವರದೇ. ಹತ್ತಕ್ಕೆ ಆಕೆ ಒಬ್ಬರೇ ನಡೆದು ಗ್ರಂಥಾಲಯಕ್ಕೆ ಹೋಗುತ್ತಿದ್ದರು. ಹೊರದೇಶದವರಿಗಾಗಿ ಅಲ್ಲಿ ಇಂಗ್ಲಿಷ್ ಮಾತುಕತೆಯ ಉಚಿತ ತರಗತಿ ನಡೆಯುತ್ತಿತ್ತು.

"ಈಗ ನಿನ್ನೆಯ ದಿನ ಹೇಳಿ" ಎಂದೆ.

"ನಿನ್ನೆ ಏನಿದೆ ಮೇಡಂ, ಎಂದಿನಂತೆ. ಇವಳು ಕಾಫಿ ಕೊಟ್ಟಳು, ಪೇಪರ್ ಓದಿದೆ, ತಿಂಡಿ ತಿಂದೆ..."

ಆಕೆ ತಲೆಯೆತ್ತಿದರು. "ಈ ಧೂಳಿನಲ್ಲೇ ಬಾಳಿದವಳು ನಾನು, ಊರೇನು ನನಗೆ ಹೊಸದೇ? ಅಲ್ಲಿ ತರಗತಿ ಮುಗಿಸಿ ಬಂದರೆ ಇವರು ಅನ್ನಕ್ಕಿಟ್ಟು, ತಟ್ಟೆ ಹಾಕಿಕೊಂಡು ಕಾಯುತ್ತಿದ್ದರು. ಇಲ್ಲಿಗೆ ಬಂದ ಮಾರನೆಯ ಬೆಳಿಗ್ಗೆ, ಪೆಟ್ಟಿಗೆ ಇನ್ನೂ ಬಿಚ್ಚಿರಲಿಲ್ಲ, ಕುರ್ಚಿಯಲ್ಲಿ ಕೂತು ಕಾಫಿ ಎಂದು ಕೂಗಿದರು. ಅಲ್ಲಿದ್ದ ಮನುಷ್ಯ ಎಲ್ಲಿ ಹೋದರು ಮೇಡಂ?"

ಯಜಮಾನರು ತುಸು ಹೊತ್ತಿನ ಮೇಲೆ ಹೇಳಿದರು: "ಅಲ್ಲಿ ನೋಡುವವರು ಯಾರಿದ್ದರು? ಇಲ್ಲಿ ತಮ್ಮಂದಿರ ಮನೆಯವರು ದಿನಾ ಬರುತ್ತಾರೆ. ನಾನು ಪಾತ್ರೆ ತೊಳೆದರೆ ಆಡಿಕೊಳ್ಳುವುದು ಇವಳನ್ನೇ."

ಅದು ನೆಪವಲ್ಲ, ನಿಜವೇ. ಬಿಟ್ಟ ಕೆಲಸಕ್ಕೆ ಗಂಡಸನ್ನು ಯಾರೂ ಕೇಳುವುದಿಲ್ಲ. ಅವನು ಮಾಡಿದ ಕೆಲಸಕ್ಕೆ ಹೆಂಡತಿ ಜನರಿಂದ ಮಾತು ಕೇಳಬೇಕಾಗುತ್ತದೆ. ಆದರೂ ನನ್ನ ಸಲಹೆ ಸಡಿಲಿಸಲಿಲ್ಲ. ಬೆಳಗಿನ ಕಾಫಿ, ರಾತ್ರಿಯ ಪಾತ್ರೆ ಅವರ ಪಾಲು, ನೆಂಟರು ಬಂದ ದಿನವೂ. ವಾರಕ್ಕೆರಡು ಸಂಜೆ ಆಕೆ ಕುಂದುವಾಡ ಕೆರೆಗೋ ಗಾಜಿನ ಮನೆಗೋ ಗೆಳತಿಯರೊಂದಿಗೆ ಹೋಗಬೇಕು, ಅಡುಗೆ ಮುಗಿಸಿ ಹೊರಡಬೇಕೆಂಬ ಕಟ್ಟಿಲ್ಲದೆ. ಅಡುಗೆಯವರನ್ನು ಇಡೋಣ, ದುಡ್ಡು ನಾನು ಕಳಿಸುತ್ತೇನೆ ಎಂದ ಮಗನಿಗೆ ಸದ್ಯಕ್ಕೆ ಬೇಡ ಎಂದೆ. ಆಕೆ ಕೇಳಿದ್ದು ಅಡುಗೆಯವರನ್ನಲ್ಲ.

ಈ ವಯಸ್ಸಿನಲ್ಲಿ ಸ್ವಭಾವ ತಿದ್ದಲು ಹೋಗಬಾರದು, ಆಕೆಯನ್ನೇ ಸಮಾಧಾನಪಡಿಸಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. 6 ತಿಂಗಳು ಸಂತೋಷದಿಂದ ಮಾಡಿದ್ದನ್ನೇ ಮುಂದುವರಿಸಿ ಎಂದೆನೇ ಹೊರತು ಹೊಸದೇನನ್ನೂ ಕೇಳಲಿಲ್ಲ. "ಹೊಂದಿಕೊಂಡು ಹೋಗಮ್ಮ" ಎಂದು ಕಳಿಸುವುದು ನಮ್ಮ ವೃತ್ತಿಯ ಅತಿ ಸುಲಭದ ಸಲಹೆ. ಅದನ್ನು ಆಕೆ ಮದುವೆಯಾದಂದಿನಿಂದ ಕೇಳಿದ್ದಾರೆ.

ಹೊರದೇಶದಲ್ಲಿರುವ ಮಕ್ಕಳಿಗೆ ಒಂದು ಮಾತು. ಅಮ್ಮ ಮಂಕಾದರೆ ಮುಂದಿನ ಟಿಕೆಟ್ಟಿನ ಆಸೆ ತೋರಿಸಬೇಡಿ. ಇವತ್ತು ಮನೆಯಲ್ಲಿ ಏನು ಮಾಡಿದಿರಿ ಎಂದು ಅಪ್ಪನನ್ನು ಕೇಳಿ. ಅಳು, ನಿದ್ರಾಹೀನತೆ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ ಮೀರಿದರೆ ವೈದ್ಯರಿಗೆ ತೋರಿಸಲೇಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಇವರ ಮನೆಯಲ್ಲಿ ಬೆಳಗಿನ ಕಾಫಿ ನಿಂತಿಲ್ಲ, ಆಕೆಯ ಊಟ ಮಾತು ಎರಡೂ ಸುಧಾರಿಸಿವೆ. ತಮ್ಮ ಬಂದಾಗ ಮಾತ್ರ ಯಜಮಾನರು ತಾವು ಮಾಡಿದ ಕಾಫಿಯ ತಟ್ಟೆಯನ್ನು ಅಡುಗೆಮನೆಯ ಬಾಗಿಲಲ್ಲಿ ಹೆಂಡತಿಯ ಕೈಗೆ ದಾಟಿಸುತ್ತಾರಂತೆ. ಸದ್ಯ ನಮ್ಮ ಮಾತುಕತೆ ಅದರ ಮೇಲೇ ನಡೆದಿದೆ.